ಗಾಳಿಗಂಟಿಯ ಮನೆಯ ಪಾಳಿ

ಬಿಳಿಗಲ್ಲಿನಲ್ಲಿ ಗಾಳಿಗೂ ಪಾಳಿ ಇದೆ ಎಂದರೆ ಹೊರಗಿನವರು ನಗುತ್ತಾರೆ. ಗಾಳಿಗೆಂಥ ಪಾಳಿ, ಅದೇನು ಕಾಲುವೆ ನೀರೇ ಎಂದು ಕೇಳುತ್ತಾರೆ. ಅವರನ್ನು ಚೈತ್ರದ ಒಂದು ಮಧ್ಯಾಹ್ನ ಈ ಊರಿನ ಮೂಡಲ ಕೇರಿಗೆ ಕರೆತಂದು ಕೂರಿಸಿದರೆ ಸಾಕು, ನಗು ತಾನಾಗಿ ನಿಲ್ಲುತ್ತದೆ. ಅಲ್ಲಿ ಒಣಗಲು ಹಾಕಿದ ಸೀರೆಯ ಅಂಚು ಕೂಡ ಅಲುಗುವುದಿಲ್ಲ. ಅದೇ ಹೊತ್ತಿಗೆ ಪಡುವಲ ಕೇರಿಯಲ್ಲಿ ಹೆಂಗಸರು ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಓಡಾಡುತ್ತಿರುತ್ತಾರೆ.

ಎಲ್ಲ ಶುರುವಾದದ್ದು ಮೆತುರೆಕ್ಕೆಯಿಂದ. ದೊಡ್ಡ ಲೈನಿನ ಕರೆಂಟು ನಗರಗಳಿಗೇ ಸಾಲದಾಗಿ, ಸಣ್ಣ ಊರಿನವರು ತಮ್ಮದನ್ನು ತಾವೇ ಮಾಡಿಕೊಳ್ಳಲಿ ಎಂದು ಸರ್ಕಾರ ಕೈತೊಳೆದುಕೊಂಡ ಕಾಲದಲ್ಲಿ ಅದು ಬಂತು. ಬಟ್ಟೆಯ ಹಾಗೆ ಬಾಗುವ, ಗಾಳಿ ಹೇಗೆ ಬಂದರೆ ಹಾಗೆ ತನ್ನ ಆಕಾರ ಬದಲಿಸಿಕೊಳ್ಳುವ ರೆಕ್ಕೆ. ಮನೆಯ ಮಾಳಿಗೆಯ ಮೇಲೆ ಒಂದು ಕಂಬ ನಿಲ್ಲಿಸಿ ತೂಗುಹಾಕಿದರೆ ಮೋಟಾರು ತಿರುಗಿಸುವಷ್ಟು ಕರೆಂಟು ಕೊಡುತ್ತಿತ್ತು. ದೀಪಕ್ಕೆ, ಫ್ಯಾನಿಗೆ ಸೌರ ಫಲಕಗಳಿದ್ದವು, ಆದರೆ ಮೋಟಾರಿಗೆ ರೆಕ್ಕೆಯೇ ಬೇಕು. ಅದಕ್ಕೊಂದು ಕೆಟ್ಟ ಚಾಳಿಯೂ ಇತ್ತು. ಗಾಳಿಯಲ್ಲಿದ್ದ ಕಸುವನ್ನೆಲ್ಲ ಹಿಂಡಿಕೊಂಡು ಹಿಂದಿನ ಮನೆಗೆ ಬರೀ ಸಿಪ್ಪೆ ಕಳಿಸುತ್ತಿತ್ತು. ಗಾಳಿಯ ವೇಗ ಅರ್ಧವಾದರೆ ಕರೆಂಟು ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ವೇಗ ಇನ್ನೂ ತಗ್ಗಿದರೆ ರೆಕ್ಕೆ ಏಳುವುದೇ ಇಲ್ಲ. ಇನ್ನೊಬ್ಬರ ರೆಕ್ಕೆ ದಾಟಿ ಬರುವ ಈ ಸೋತ ಗಾಳಿಗೆ ಊರವರು ಎಂಜಲು ಗಾಳಿ ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಕೇಳಬೇಕೇ, ಬೀದಿ ಬೀದಿಯಲ್ಲಿ ಜಗಳ. ಒಬ್ಬ ಕಂಬ ಎತ್ತರಿಸಿದರೆ ಹಿಂದಿನವನು ಅವನಿಗಿಂತ ಎತ್ತರಿಸುವನು, ಎತ್ತರದ ಕಂಬ ಬಿದ್ದು ಮಾಳಿಗೆ ಒಡೆಯುವುದು.

ಕೊನೆಗೆ ಹಿರಿಯರು ಕೆರೆಯ ಹಳೇ ಪದ್ಧತಿಯನ್ನು ಹುಡುಕಿ ತೆಗೆದರು. ಹಿಂದೆ ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುತ್ತಿದ್ದವನು ನೀರಗಂಟಿ, ಇನ್ನು ಗಾಳಿ ಹಂಚುವವರು ಗಾಳಿಗಂಟಿ. ಸಂತೆಕಟ್ಟೆಯ ಮೇಲೊಂದು ಕೋಣೆ ಕಟ್ಟಿಸಿ, ಗೋಡೆಗೆ ಪರದೆ ಹಾಕಿಸಿ, ಊರಿನ ಎಲ್ಲ ರೆಕ್ಕೆಗಳನ್ನೂ ಅಲ್ಲಿಗೆ ಜೋಡಿಸಿದರು. ಗಾಳಿಗಂಟಿ ಗುಂಡಿ ಒತ್ತಿದರೆ ಮುಂದಿನ ಸಾಲಿನ ರೆಕ್ಕೆಗಳು ಮಡಚಿಕೊಂಡು ಹಿಂದಿನ ಸಾಲಿಗೆ ಹಸನಾದ ಗಾಳಿ ಬಿಡುತ್ತಿದ್ದವು. ನೀರಗಂಟಿಯ ಹೊಲ ಕಾಲುವೆಯ ಕಟ್ಟಕಡೆಯಲ್ಲಿ ಇರಬೇಕೆಂಬ ನಿಯಮ ಒಂದಿತ್ತಂತೆ. ತುದಿಯ ಹೊಲಕ್ಕೆ ನೀರು ಮುಟ್ಟಿತೆಂದರೆ ನಡುವಿನವರಿಗೆಲ್ಲ ಮುಟ್ಟಿದ ಹಾಗೆ, ಅವನು ಯಾರಿಗೂ ಸಲಿಗೆ ಕೊಡುವ ಹಾಗಿಲ್ಲ. ಅದನ್ನೂ ಹಾಗೆಯೇ ಎತ್ತಿಕೊಂಡರು. ಊರು ಬದುಕುವುದು ಪಡುವಲ ಗಾಳಿಯಿಂದ. ಮೂಡಲ ಕೇರಿಯ ಕೊನೆಯ ಮನೆ ದಾಕ್ಷಾಯಣಿಯದು, ಜೊತೆಗೆ ಅವಳು ಬಿ.ಎಸ್ಸಿ. ಓದಿದ್ದಳು. ಹೀಗೆ ಅವಳು ಗಾಳಿಗಂಟಿಯಾದಳು. ಅವಳ ಮಾಳಿಗೆಯ ಮೇಲೆ ಕಂಬವೂ ಇಲ್ಲ, ರೆಕ್ಕೆಯೂ ಇಲ್ಲ ಎಂಬುದನ್ನು ಯಾವ ಹಿರಿಯರೂ ಯೋಚಿಸಲಿಲ್ಲ.

ಅಂದು ಅವಳು ಪರದೆಯ ಮುಂದೆ ಕೂತು ಬುತ್ತಿ ಬಿಚ್ಚುವ ಹೊತ್ತಿಗೆ ಫೋನು ಬಂತು. ನಡುಕೇರಿಯ ಹನುಮಕ್ಕ. ಸುತ್ತಲಿನ ಹಾಲನ್ನೆಲ್ಲ ಕೊಂಡು ತಂಪು ಮಾಡಿ ಲಾರಿಗೆ ಹಾಕುವ ಹೆಂಗಸು.

"ದಾಕ್ಷಾಯಣಮ್ಮ, ಊಟ ಆಯ್ತಾ? ಇನ್ನೊಂದು ಹತ್ತು ನಿಮಿಷ ಗಾಳಿ ಹೆಚ್ಚಿಗೆ ಬಿಡಮ್ಮ. ಲಾರಿ ತಡ ಐತಂತೆ. ಹಾಲು ಒಡೆದು ಹೋದ್ರೆ ನಾನು ಬಾಯಿಗೆ ಮಣ್ಣು ಹಾಕ್ಕೋಬೇಕು."

ದಾಕ್ಷಾಯಣಿ ಎಂದಿನಂತೆ ಬೆರಳು ಮುಂದೆ ಚಾಚಿದಳು, ಎಂದಿನಂತೆ ತುದಿಮನೆಯ, ಎಂದರೆ ತನ್ನದೇ ಮನೆಯ, ಪಾಳಿಯಿಂದ ಹತ್ತು ನಿಮಿಷ ಕಿತ್ತು ಹನುಮಕ್ಕನ ಲೆಕ್ಕಕ್ಕೆ ಸೇರಿಸಲು ಹೋದಳು. ಪರದೆ ಒಪ್ಪಲಿಲ್ಲ. ಆ ಪಾಳಿಯಲ್ಲಿ ಇನ್ನೇನೂ ಉಳಿದಿರಲಿಲ್ಲ.

ಅವಳು ಬಿಚ್ಚಿದ ಬುತ್ತಿಯನ್ನು ಮುಟ್ಟದೆ ಕೂತಳು. ಇದು ಎಂದೋ ಒಂದು ದಿನ ಆಗುವುದೇ ಇತ್ತು. ದಿನಕ್ಕೆ ಪೂರ್ತಿ ಒಂದು ತಾಸು ತುದಿಮನೆಗೆ ಮೀಸಲು. ಆ ಮನೆಗೆ ರೆಕ್ಕೆ ಇಲ್ಲ, ತಾಸು ಸುಮ್ಮನೆ ಹಾಳಾಗುತ್ತದೆ. ಒಬ್ಬರ ಮಗಳ ಪರೀಕ್ಷೆ ಎಂದು ಐದು ನಿಮಿಷ, ಇನ್ನೊಬ್ಬರ ಬಾವಿಯ ಪಂಪು ಎಂದು ಎಂಟು ನಿಮಿಷ, ಬಾಣಂತಿ, ಮದುವೆ, ವೆಲ್ಡಿಂಗ್ ಅಂಗಡಿ. ಒಮ್ಮೆ ಕೊಟ್ಟ ನಿಮಿಷ, ಅವರಾಗಿ ಬಿಡುವ ತನಕ, ದಿನವೂ ಅವರದೇ. ಕೊಟ್ಟದ್ದನ್ನು ಯಾರೂ ಹಿಂದಿರುಗಿಸಿರಲಿಲ್ಲ, ಅವಳೂ ಕೇಳಿರಲಿಲ್ಲ. ತನ್ನದನ್ನೇ ತಾನೇ ಕೊಡುತ್ತಿದ್ದೇನೆ, ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದಳು. ಇಲ್ಲ ಅಂದರೆ ಮಾರನೇ ದಿನ ನೀರು ತರುವ ದಾರಿಯಲ್ಲಿ ಮೂತಿ ತಿರುಗಿಸುತ್ತಿದ್ದರು, ಅದೂ ನಿಜ. ಅದನ್ನು ಸಹಿಸುವ ಶಕ್ತಿ ಅವಳಲ್ಲಿ ಇರಲಿಲ್ಲ.

"ಇವತ್ತು ಆಗಲ್ಲ ಹನುಮಕ್ಕ," ಎಂದಳು.

ಹನುಮಕ್ಕ ನಂಬದೆ ಇನ್ನೊಮ್ಮೆ ಕೇಳಿದಳು, ಉತ್ತರ ಅದೇ.

ಮನೆಯಲ್ಲಿ ಅವಳ ಗಂಡ ಓಂಕಾರಪ್ಪ ಮಾಳಿಗೆಯ ಮೇಲೆ ಸೀಮೆಸುಣ್ಣದಲ್ಲಿ ಕಂಬದ ಪಾದ ಬರೆಯುತ್ತಿದ್ದ. ಅವನ ಕಥೆ ಇನ್ನೊಂದು ಬಗೆ. ಊರಿನ ಒಂದೊಂದು ಕಂಬವನ್ನೂ ನಿಲ್ಲಿಸಿದವನು ಅವನೇ, ಕೆಟ್ಟಾಗ ಹತ್ತಿ ಸರಿಮಾಡುವವನೂ ಅವನೇ. ಹೋದ ಮಳೆಗಾಲದಲ್ಲಿ ಒಂದು ಕಂಬದಿಂದ ಜಾರಿ ಬಲಮಂಡಿ ಜಜ್ಜಿಕೊಂಡಿದ್ದ. ಈಗ ಮೆಟ್ಟಿಲು ಹತ್ತುವಾಗಲೂ ಹಲ್ಲು ಕಚ್ಚುತ್ತಿದ್ದ. ಕಂಬ ಹತ್ತುವ ದಿನ ಹೆಂಡತಿಗೆ ಹೇಳದೆ ಹೋಗುತ್ತಿದ್ದ. ಅಪ್ಪನ ಕಾಲದ ಹಿಟ್ಟಿನ ಗಿರಣಿ ಮನೆಯ ಮುಂದಿನ ಕೋಣೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಮಾಳಿಗೆಯ ಮೇಲೆ ತನ್ನದೇ ಒಂದು ರೆಕ್ಕೆ, ಕೆಳಗೆ ಗಿರಣಿ, ಮತ್ತೆಂದೂ ಕಂಬದ ಸಹವಾಸ ಬೇಡ. ವರ್ಷದಿಂದ ಅವನು ಕಟ್ಟುತ್ತಿದ್ದ ಯೋಜನೆ ಇಷ್ಟೇ. ಅವನು ಗೊಣಗುವವನಲ್ಲ. ಅದಕ್ಕೇ ದಾಕ್ಷಾಯಣಿಗೆ ಅವನ ಮಂಡಿ ನೋಡಿದರೆ ಹೆಚ್ಚು ಸಂಕಟವಾಗುತ್ತಿತ್ತು.

"ಹನ್ನೆರಡು ಮೀಟರು ಸಾಕು ಕಣೇ," ಎಂದ. "ಮುಂದಿನ ಸಾಲಿನೋರು ನಮ್ಮ ಪಾಳಿ ಹೊತ್ತಿಗೆ ಮಡಚಿದ್ರೆ ಗಿರಣಿ ಸಲೀಸಾಗಿ ತಿರುಗುತ್ತೆ. ದಿನಕ್ಕೆ ಒಂದು ತಾಸು ಬಂದ್ರೂ ಊರಿನ ಹಿಟ್ಟು ಬೀಸಬಹುದು. ನೀನು ಲೆಕ್ಕ ಹಾಕಿ ಒಪ್ಪಿಗೆ ಕೊಡು, ಅಷ್ಟೇ."

"ಆ ತಾಸು ಇಲ್ಲ ಕಣ್ರೀ."

"ಇಲ್ಲ ಅಂದ್ರೆ?"

ಅವಳು ಹೇಳಿದಳು. ಯಾರಿಗೆ ಎಷ್ಟು, ಯಾವಾಗ, ಯಾಕೆ ಎಂದು ನೆನಪಿದ್ದಷ್ಟನ್ನೂ ಹೇಳಿದಳು. ಓಂಕಾರಪ್ಪ ಸೀಮೆಸುಣ್ಣವನ್ನು ಕೈಯಲ್ಲಿ ಹೊರಳಿಸುತ್ತ ಕೇಳಿದ. ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

"ಹೋಗ್ಲಿ ಬಿಡು," ಎಂದ ಕೊನೆಗೆ. "ಕೊಟ್ಟೋಳು ನೀನೇ ತಾನೆ, ವಾಪಸ್ ಕೇಳು. ನಮ್ಮ ಜನ ಅಷ್ಟು ಕೆಟ್ಟೋರಲ್ಲ."

ಅವಳು ಕೇಳಿದಳು. ಎರಡು ವಾರ ಕೆಲಸ ಮುಗಿಸಿ ಬರುವಾಗ ಒಂದೊಂದು ಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಎಲ್ಲರೂ ಕರೆದು ಕೂರಿಸಿದರು, ಚಹಾ ಕೊಟ್ಟರು. ಓಂಕಾರಪ್ಪನ ಮಂಡಿ ಹೇಗಿದೆ ಎಂದು ವಿಚಾರಿಸಿದರು. ಗಾಳಿಯ ಮಾತು ಬಂದಾಗ ಮಾತ್ರ ಮುಖ ಸಪ್ಪಗೆ ಮಾಡಿಕೊಂಡರು. ವೆಲ್ಡಿಂಗ್ ಅಂಗಡಿಯವನಿಗೆ ಗಿರಾಕಿ ಹೆಚ್ಚಿದ್ದರು. ಬಾಣಂತಿಯ ಮಗು ಶಾಲೆಗೆ ಹೋಗುತ್ತಿತ್ತು, ಆದರೆ ಆ ನಿಮಿಷಗಳಲ್ಲಿ ಈಗ ನೀರಿನ ಪಂಪು ಓಡುತ್ತಿತ್ತು. ಹನುಮಕ್ಕ ಹಾಲಿನ ಕ್ಯಾನುಗಳನ್ನು ತೋರಿಸಿದಳು.

"ನೀನೇ ಹೇಳಮ್ಮ, ಇದರಾಗೆ ಯಾವ ಕ್ಯಾನು ಚೆಲ್ಲಲಿ?"

ದಾಕ್ಷಾಯಣಿ ಒಂದು ಕ್ಯಾನಿನ ಮುಚ್ಚಳ ಎತ್ತಿ ನೋಡಿ ಮುಚ್ಚಿದಳು. ಹಾಲು ನಿಜವಾದ ಹಾಲು, ಪಂಪೂ ನಿಜವೇ. ಯಾರೊಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಎಂಬುದೇ ಅವಳನ್ನು ಹೆಚ್ಚು ಸುಸ್ತು ಮಾಡಿತು.

ಅವಳ ಜೊತೆ ಇನ್ನೊಂದು ಸರದಿಯಲ್ಲಿ ಪರದೆ ಕಾಯುತ್ತಿದ್ದ ಪಾಲಯ್ಯನಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಲೆಕ್ಕದಲ್ಲಿ ಅವನು ಗಟ್ಟಿಗ, ಮಾತಿನಲ್ಲಿ ಒರಟ.

"ತಾಯಿ, ತುದಿಮನೆಗೆ ಹಸಿವು ಇರ್ಲಿ ಅಂತ ನಿನ್ನ ಇಲ್ಲಿ ಕೂರ್ಸಿದ್ರು," ಎಂದ. "ನಿಮ್ಮ ಮನೆಗೆ ರೆಕ್ಕೆ ಇಲ್ಲ, ಹಸಿವು ಎಲ್ಲಿಂದ ಬರ್ಬೇಕು? ಹೊಟ್ಟೆ ಇಲ್ಲದೋಳಿಗೆ ಬಡಿಸೋ ಕೆಲ್ಸ ಕೊಟ್ರು. ನೀನು ನಿನ್ನ ಎಲೇನೂ ಎತ್ತಿ ಕೊಟ್ಟೆ."

"ಈಗ ಏನ್ ಮಾಡ್ಲಿ ಪಾಲಯ್ಯಣ್ಣ?"

"ನಿಮ್ಮೆಜಮಾನ್ರು ಸುಮ್ನಿರೋದು ಒಳ್ಳೇದು. ಎಂಜಲು ಗಾಳೀಲಿ ಆ ರೆಕ್ಕೆ ಏಳಲ್ಲ." ಅವನು ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. ಒಂದು ಸಾಲು ದಾಟಿ ಇನ್ನೊಂದಕ್ಕೆ ಬರುವಾಗ ಗಾಳಿಯ ಬಣ್ಣ ಕಡುನೀಲಿಯಿಂದ ತಿಳಿನೀಲಿಗೆ, ಆಮೇಲೆ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಅವಳ ಮನೆಯ ಮೇಲೆ ಬಣ್ಣವೇ ಇರಲಿಲ್ಲ.

ಓಂಕಾರಪ್ಪ ಸುಮ್ಮನಿರಲಿಲ್ಲ. ಅವನ ಎಣಿಕೆ ಬೇರೆ. ಹೊಸ ರೆಕ್ಕೆ ಏರಿಸಿದ ದಿನ ಅದಕ್ಕೆ ಮೊದಲ ಗಾಳಿ ಕೊಡಬೇಕೆಂಬ ವಾಡಿಕೆ ಊರಿನಲ್ಲಿತ್ತು. ರೆಕ್ಕೆಯ ತೂಕ ಸರಿಯಾಗಿದೆಯೇ, ಅಲುಗಾಟವಿದೆಯೇ ಎಂದು ನೋಡಲು ಮುಂದಿರುವ ಎಲ್ಲರ ರೆಕ್ಕೆಗಳನ್ನೂ ಕಾಲು ತಾಸು ಮಡಚುತ್ತಿದ್ದರು. ಯಾರ ಮನೆಯದಾದರೂ ಸರಿ, ಇದಕ್ಕೆ ಯಾರೂ ತಕರಾರು ತೆಗೆಯುವ ಹಾಗಿಲ್ಲ.

"ಆ ಕಾಲು ತಾಸಿನಾಗೆ ಗಿರಣಿ ಓಡಿಸಿ ತೋರಿಸ್ತೀನಿ," ಎಂದ. "ಮನೆ ಬಾಗಿಲಾಗೆ ಬಿಸಿ ಹಿಟ್ಟು ಬಿದ್ರೆ ತಾವಾಗೇ ನಿಮಿಷ ತಂದು ಕೊಡ್ತಾರೆ. ಈಗ ಅವರು ಹಿಟ್ಟಿಗೆ ಪಕ್ಕದೂರಿಗೆ ಕಾಳು ಹೊರಬೇಕು ನೋಡು."

ಅವನ ಕಣ್ಣಲ್ಲಿ ಎಷ್ಟೋ ದಿನದ ಮೇಲೆ ಒಂದು ಕಳೆ ಕಂಡಿತು. ಅದನ್ನು ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ಒಪ್ಪಿಗೆ ಕೊಟ್ಟಳು.

ಕಂಬ ಏರಿಸುವ ದಿನ ಅರ್ಧ ಊರೇ ಬಂದು ಹಗ್ಗ ಹಿಡಿಯಿತು. ಇಂಥದ್ದಕ್ಕೆ ಬಿಳಿಗಲ್ಲಿನವರು ಹಿಂದೆ ಬೀಳುವವರಲ್ಲ. ಓಂಕಾರಪ್ಪ ಕೆಳಗೆ ನಿಂತೇ ಹೇಳಿ ಮಾಡಿಸಿದ, ಕಂಬ ಎದ್ದು ನಿಂತಿತು, ಎಳೆತಂತಿಗಳು ಬಿಗಿದುಕೊಂಡವು. ರೆಕ್ಕೆ ಜೋಡಿಸಲು ಮಾತ್ರ ಅವನೇ ಹತ್ತಬೇಕಾಯಿತು. ಇಳಿದು ಬಂದಾಗ ಅಂಗಿ ಬೆವರಿನಿಂದ ಮೈಗೆ ಅಂಟಿಕೊಂಡಿತ್ತು. ಇದು ಕೊನೇದು ಎಂದು ನಕ್ಕ. ಹೆಂಗಸರು ಜೋಳ, ರಾಗಿ, ಗೋಧಿಯ ಡಬ್ಬಿಗಳನ್ನು ತಂದು ಗಿರಣಿಯ ಮುಂದೆ ಸಾಲಾಗಿ ಇಟ್ಟಿದ್ದರು. ದಾಕ್ಷಾಯಣಿ ಅದನ್ನೆಲ್ಲ ಒಮ್ಮೆ ನೋಡಿ ಸಂತೆಕಟ್ಟೆಗೆ ನಡೆದಳು. ಮೊದಲ ಗಾಳಿ ಬಿಡುವವಳು ಅವಳೇ ತಾನೆ.

ಅವಳು ಗುಂಡಿ ಒತ್ತಿದಳು. ಪರದೆಯ ಮೇಲೆ ಊರಿನ ಹಸಿರು ಚುಕ್ಕೆಗಳು ಪಡುವಲಿಂದ ಒಂದೊಂದಾಗಿ ಆರಿದವು. ಕಡುನೀಲಿ ಹರಿದು ಬಂದು ಊರಿನ ತುದಿ ಮುಟ್ಟಿತು, ಅಲ್ಲಿ ಒಂದೇ ಒಂದು ಹೊಸ ಚುಕ್ಕೆ ಹೊತ್ತಿಕೊಂಡಿತು. ಆ ಚುಕ್ಕೆಯನ್ನು ನೋಡಿ ಅವಳಿಗೆ ಅಳು ಬಂತು. ಇಷ್ಟು ವರ್ಷ ಈ ಕೋಣೆಯಲ್ಲಿ ಕೂತು ಅವಳು ತನ್ನ ಮನೆ ಪರದೆಯ ಮೇಲೆ ಹೊತ್ತಿಕೊಂಡದ್ದನ್ನು ನೋಡಿಯೇ ಇರಲಿಲ್ಲ.

ಕಾಲು ತಾಸು ಮುಗಿಯಿತು. ಅವಳು ಬೆರಳು ಮುಂದೆ ತಂದಳು, ಫೋನು ಬಡಿದುಕೊಂಡಿತು. ಹನುಮಕ್ಕ ಗಿರಣಿಯ ಮುಂದಿನಿಂದಲೇ ಮಾತಾಡುತ್ತಿದ್ದಳು. ಹಿಂದೆ ಗಿರಣಿಯ ಸದ್ದು ಎಷ್ಟು ಜೋರಾಗಿತ್ತೆಂದರೆ ಅವಳು ಕಿರುಚಿ ಹೇಳಬೇಕಾಗಿತ್ತು.

"ದಾಕ್ಷಾಯಣಮ್ಮ, ನನ್ನ ಜೋಳ ಅರ್ಧ ಬೀಸೈತೆ. ಗಿರಣಿ ನಿಲ್ಲಿಸಬೇಡ. ಆದ್ರೆ ನಮ್ಮನೆ ರೆಕ್ಕೆ ಬಿಟ್ಬಿಡು, ಹಾಲು ಐತೆ."

"ಎರಡೂ ಆಗಲ್ಲ ಅಕ್ಕ."

"ಅಯ್ಯೋ, ನೀನು ಮನಸು ಮಾಡಿದ್ರೆ ಆಗ್ದೇ ಇರೋದು ಏನೈತೆ? ಎಲ್ಲಿಂದಾನ ಒಂದೈದು ನಿಮಿಷ ತೆಗ್ದು ಹಾಕು. ಯಾವಾಗ್ಲೂ ಹಾಕ್ತಿದ್ದೆಲ್ಲ."

"ನೀವೆಲ್ಲ ಎಲ್ಲಿಂದಾನ ಅಂತಿದ್ದದ್ದು ನಮ್ಮನೆ ನಿಮಿಷ ಅಕ್ಕ. ಈಗ ತೆಗೆದ್ರೆ ಈ ಬೀಸ್ತಿರೋ ಗಿರಣಿದೇ ತೆಗೀಬೇಕು. ನೀನೇ ಹೇಳು. ಜೋಳ ಬೇಕೋ, ಹಾಲು ಬೇಕೋ?"

ಇಷ್ಟು ವರ್ಷದಲ್ಲಿ ಅವಳು ಯಾರನ್ನೂ ಹೀಗೆ ಕೇಳಿರಲಿಲ್ಲ. ಯಾರಿಗೂ ಆರಿಸುವ ಕಷ್ಟ ಬರದ ಹಾಗೆ ನೋಡಿಕೊಂಡು ಬಂದಿದ್ದಳು.

"ಹಾಲು ಕಾಯಲ್ಲ ಕಣಮ್ಮ," ಎಂದಳು ಹನುಮಕ್ಕ. ದನಿ ಇಳಿದಿತ್ತು. "ನಮ್ಮನೇದು ಬಿಡು."

ದಾಕ್ಷಾಯಣಿ ಗುಂಡಿ ಒತ್ತಿದಳು. ಪಡುವಲಿಂದ ಹಸಿರು ಚುಕ್ಕೆಗಳು ಮತ್ತೆ ಹೊತ್ತಿಕೊಳ್ಳುತ್ತ ಬಂದವು. ಫೋನು ಇನ್ನೂ ಕಿವಿಯಲ್ಲೇ ಇತ್ತು. ಗಿರಣಿಯ ಸದ್ದು ತಗ್ಗಿತು, ಗೊರಗೊರ ಎಂದಿತು, ನಿಂತಿತು. ಆಮೇಲೆ ಓಂಕಾರಪ್ಪ ಯಾರಿಗೋ ಹೇಳುವುದು ಕೇಳಿಸಿತು: "ಇಷ್ಟೇ ಆಗಿರೋದು ನೋಡ್ರವ್ವ, ಡಬ್ಬಿ ತಗೊಳ್ರಿ."

ಸಂಜೆ ಮನೆಗೆ ಬಂದಾಗ ಅವನು ಗಿರಣಿಗೆ ಮತ್ತೆ ಗೋಣಿಚೀಲ ಹೊದಿಸಿದ್ದ. ಮಾಳಿಗೆಯ ಮೇಲೆ ರೆಕ್ಕೆ ಜೋಲು ಬಿದ್ದಿತ್ತು. ಅವಳು ರೊಟ್ಟಿ ತಟ್ಟುತ್ತ ಕೂತಳು, ಅವನು ಎದುರಿಗೆ ಬಲಗಾಲು ನೀಡಿಕೊಂಡು ಕೂತ.

"ಯಾರಾದ್ರೂ ಒಬ್ಬರು ಕೊಡ್ತಾರೆ ಅಂತಿದ್ದೆ," ಎಂದ. "ಬೀಸಿದ ಹಿಟ್ಟು ಮುಟ್ಟಿ ನೋಡಿ ಖುಷಿಪಟ್ರು. ಒಬ್ರೂ ಕೊಡ್ತೀನಿ ಅನ್ನಲಿಲ್ಲ. ನಾಳೆ ಇನ್ನೊಂದು ಸಲ ಕೇಳಿ ನೋಡ್ತೀಯಾ?"

"ಯಾರನ್ನ ಕೇಳ್ಲಿ?" ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿದಳು. "ಕೇಳಿದ್ರೆ ಕೊಡೋಳು ಈ ಊರಾಗೆ ಒಬ್ಳೇ ಇದ್ಲು ಕಣ್ರೀ. ಅವಳ ಹತ್ರ ಈಗ ಏನೂ ಇಲ್ಲ."

ಇಬ್ಬರೂ ಉಂಡು ಮಲಗಿದರು.

ಬೆಳಗ್ಗೆ ಹಾಲು ಕಾಯಿಸುವ ಹೊತ್ತಿಗೆ ಹನುಮಕ್ಕನ ಫೋನು. ನಿನ್ನೆ ಮಡಚಿದ ರೆಕ್ಕೆ ಒಂದು ಬದಿ ಬಿಚ್ಚಿಕೊಂಡಿಲ್ಲ, ಕಂಬ ಗಡಗಡ ಅಲುಗುತ್ತಿದೆ. "ಸ್ವಲ್ಪ ಓಂಕಾರಣ್ಣನ್ನ ಕಳಿಸಮ್ಮ. ಅವರು ಬಿಟ್ರೆ ಹತ್ತೋರು ಯಾರಿದಾರೆ?"

ಫೋನಿನ ಮಾತು ಕೇಳಿ ಓಂಕಾರಪ್ಪ ಆಗಲೇ ಗೂಟದಿಂದ ಸೊಂಟದ ಬೆಲ್ಟು ತೆಗೆದುಕೊಂಡಿದ್ದ. ಅದೊಂದು ಅಭ್ಯಾಸ. ಯಾರು ಕರೆದರೂ ಮೊದಲು ಕೈ ಆ ಗೂಟಕ್ಕೆ ಹೋಗುತ್ತಿತ್ತು. ದಾಕ್ಷಾಯಣಿ ಅದನ್ನು ನೋಡಿದಳು. ತನ್ನ ಬೆರಳು ಗುಂಡಿಗೆ ಹೋಗುವ ರೀತಿಯೂ ಇದೇ ಎಂದು ಅವಳಿಗೆ ಆಗ ಹೊಳೆಯಿತು. ಗಂಡ ಹೆಂಡತಿ ಇಬ್ಬರೂ ಊರಿಗೆ ಹೀಗೆಯೇ ಸವೆದಿದ್ದರು.

"ಕಳಿಸ್ತೀನಿ ಹನುಮಕ್ಕ," ಎಂದಳು. "ಕಳಿಸಿದ್ರೆ ನೀನು ಹಿಂದೆ ತಗೊಂಡ ನಮ್ಮ ಹತ್ತು ನಿಮಿಷ ವಾಪಸ್ ಕೊಡ್ತೀಯಾ?"

"ಇದೇನಮ್ಮ ಹಿಂಗೆ ಮಾತಾಡ್ತೀಯಾ? ಮನೆಯವರ ಹಂಗೆ ಇದ್ದೋರು ನಾವು."

"ಮನೆಯವರ ಹಂಗೆ ಇದ್ದದ್ದಕ್ಕೇ ಕೇಳ್ತಿರೋದು. ಅವರ ಮಂಡಿ ನೀನೂ ನೋಡಿದೀಯ."

ಓಂಕಾರಪ್ಪ ಬೇಡ ಬೇಡ ಎಂದು ಕೈಯಾಡಿಸಿದ. ಅವನಿಗೆ ನಾಚಿಕೆಯಾಗಿತ್ತು. ಅವಳು ಅವನ ಕಡೆ ತಿರುಗಲಿಲ್ಲ. ಆ ಕಡೆಯಿಂದ ಕಂಬ ಅಲುಗುವ ಸದ್ದು ಕೇಳುತ್ತಿತ್ತು, ಮಧ್ಯೆ ಹನುಮಕ್ಕ ಯಾರನ್ನೋ ಗದರಿದಳು.

"ಆಯ್ತು, ತಗೋ," ಎಂದಳು ಹನುಮಕ್ಕ ಬಿರುಸಾಗಿ. "ಗಿರಣಿ ಬಂದ ಮೇಲೆ ನೀನು ಬದಲಾದೆ ಬಿಡು." ಫೋನು ಇಟ್ಟಳು.

ದಾಕ್ಷಾಯಣಿ ಗೆದ್ದವಳ ಹಾಗೆ ಇರಲಿಲ್ಲ. ಇನ್ನು ನೀರಿನ ದಾರಿಯಲ್ಲಿ ಯಾರು ಯಾರು ಮೂತಿ ತಿರುಗಿಸುತ್ತಾರೆಂದು ಮನಸ್ಸು ಆಗಲೇ ಎಣಿಸತೊಡಗಿತ್ತು. ಓಂಕಾರಪ್ಪ ಹೊಸಿಲ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿ, ಮೇಲೊಂದು ಬಟ್ಟೆ ಬಿಗಿದು ಕಟ್ಟಿಕೊಂಡ.

"ಹಂಗೆ ಕೇಳಬಾರದಿತ್ತು," ಎಂದ. ಎದ್ದು ನಿಂತ ಮೇಲೆ, "ಹತ್ತು ನಿಮಿಷಕ್ಕೆ ಎರಡು ಡಬ್ಬಿ ಬೀಸಬಹುದು," ಎಂದ.

ಅವಳು ಬೀದಿಯ ತಿರುವಿನ ತನಕ ಅವನ ಜೊತೆ ಹೋದಳು. ಅಲ್ಲಿಂದ ಊರು ಪೂರ್ತಿ ಕಾಣುತ್ತಿತ್ತು. ಮಾಳಿಗೆ ಮಾಳಿಗೆಯ ಮೇಲೆ ಕಂಬ, ಕಂಬದ ಮೇಲೆ ತಿರುಗುವ ರೆಕ್ಕೆ. ಐದು ನಿಮಿಷ ಇಲ್ಲಿ, ಎಂಟು ನಿಮಿಷ ಅಲ್ಲಿ, ಅವಳ ತಾಸು ಅಷ್ಟು ಕಂಬಗಳ ಮೇಲೆ ಹರಿದು ಹಂಚಿಹೋಗಿತ್ತು. ಕಂಬ ಕೆಡದೆ ಯಾರೂ ಅದನ್ನು ಹಿಂದಿರುಗಿಸುವುದಿಲ್ಲ. ಓಂಕಾರಪ್ಪ ಕಣ್ಣಿಗೆ ಕೈ ಮರೆಮಾಡಿಕೊಂಡು ಅವನ್ನೆಲ್ಲ ನೋಡಿದ, ಅವನಿಗೂ ಅದೇ ಲೆಕ್ಕ ಹೊಳೆದಿರಬೇಕು. ಕಂಬ ಹತ್ತುವುದರಿಂದ ಅವನು ಬಿಡುಗಡೆ ಪಡೆಯಬೇಕಾದರೆ ಊರಿನ ಅಷ್ಟೂ ಕಂಬಗಳನ್ನು ಇನ್ನೊಂದು ಸಲ ಹತ್ತಬೇಕಾಗಿತ್ತು. ಅವನು ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು, ಬಲಗಾಲು ಎಳೆಯುತ್ತ, ಮೊದಲನೆಯದರ ಕಡೆಗೆ ನಡೆದ.